ಬಡಾಯಿ ದುಂಡಪ್ಪನ ಹನ್ನೊಂದು ದಿನ

ಹಿರೇಬಾವಿಯ ಶಿವಗಂಗಮ್ಮ ತಾಯಿಯವರಿಗೆ ಮಠವೆಂದು ಇದ್ದದ್ದು ಒಂದು ಕಲ್ಲಿನ ಪಡಸಾಲೆ, ಒಂದು ಬೀಸುವ ಕಲ್ಲು, ಬಂದವರ ಹಸಿವೆಗೆಂದು ರೊಟ್ಟಿಯ ಬುಟ್ಟಿ, ಅಷ್ಟೇ. ತಾಯಿಯವರು ಗದ್ದುಗೆಯ ಮೇಲೆ ಕುಳಿತದ್ದನ್ನು ಕಂಡವರಿಲ್ಲ. ಮೊರ ಹಿಡಿದು ಜೋಳ ಕೇರುತ್ತಲೇ ಭಕ್ತರ ಸುಖದುಃಖ ಕೇಳುತ್ತಿದ್ದರು.

ಆ ಜೋಳವನ್ನು ಊರೂರು ತಿರುಗಿ ಭಿಕ್ಷೆ ಎತ್ತಿ ತರುತ್ತಿದ್ದವನು ದುಂಡಪ್ಪ. ಜೋಳಿಗೆ ಹೆಗಲಿಗೇರಿತೆಂದರೆ ಅವನ ನಾಲಿಗೆಗೆ ಕಡಿವಾಣವಿರುತ್ತಿರಲಿಲ್ಲ. ಪುರಾಣ ಹೇಳುವ ಶಾಸ್ತ್ರಿಗಳು ಅದನ್ನು ಉತ್ಪ್ರೇಕ್ಷೆ ಎನ್ನುತ್ತಿದ್ದರು, ಬಾವಿಕಟ್ಟೆಯ ಹೆಂಗಸರು ಬಡಾಯಿ ಎನ್ನುತ್ತಿದ್ದರು, ಅವನ ಸ್ವಂತ ಹೆಂಡತಿ ಬರೀ ಬುರುಡೆ ಎನ್ನುತ್ತಿದ್ದಳು. ತಾಯಿಯವರು ಮಾತ್ರ "ಜೊಳ್ಳು ಭಾಳ ಆತಪಾ ನಿನ್ನ ಮಾತಿನಾಗ" ಎಂದು ನಕ್ಕು ಸುಮ್ಮನಾಗುತ್ತಿದ್ದರು. ನ್ಯಾಯವಾಗಿ ಹೇಳಬೇಕೆಂದರೆ ಅವನು ತನ್ನ ಬಗ್ಗೆ ಕೊಚ್ಚಿಕೊಂಡವನೇ ಅಲ್ಲ. ಕೊಚ್ಚಿದ್ದೆಲ್ಲ ತಾಯಿಯವರ ಮಹಿಮೆಯನ್ನೇ. ಜ್ವರದ ಕೂಸಿಗೆ ಅವರು ಕಷಾಯ ಕುಡಿಸಿದ ಸಂಗತಿ ಮೂರನೆಯ ಊರು ಮುಟ್ಟುವಷ್ಟರಲ್ಲಿ, ಸತ್ತ ಕೂಸು ಎದ್ದು ಕುಳಿತ ಕಥೆಯಾಗಿರುತ್ತಿತ್ತು. ಗುರುವಿನ ಹೆಸರು ಬೆಳೆಯುವುದಾದರೆ ಒಂದಕ್ಕೆ ಹತ್ತು ಸೇರಿಸಿದರೂ ತಪ್ಪಿಲ್ಲವೆಂದು ಅವನು ಮನಸಾರೆ ನಂಬಿದ್ದ.

ಒಂದು ಮಧ್ಯಾಹ್ನ ಕಣಗಿನಾಳದಿಂದ ಸಾವಂತ್ರೆವ್ವ ಎಂಬಾಕೆ ಮೂರು ದಿನ ನಡೆದು ಬಂದಳು. ಜೊತೆಗೆ ಒಂಬತ್ತು ವರ್ಷದ ಮಗಳು ಕಸ್ತೂರಿ, ಹುಟ್ಟಾ ಕಿವುಡಿ, ಮೂಕಿ.

"ದುಂಡಪ್ಪಣ್ಣ ಹೇಳ್ಯಾರ್ರೀ ಅಮ್ಮಾರ, ನೀವು ನಾಲಿಗಿ ಮ್ಯಾಲ ವಿಭೂತಿ ಇಟ್ಟರ ಮೂಕರು ಮಾತಾಡತಾರಂತ. ಭಾಳ ಮಾತು ಬ್ಯಾಡ್ರೀ ನನಗ. ಒಮ್ಮೆ ಅವ್ವಾ ಅಂದ್ರ ಸಾಕು."

ತಾಯಿಯವರು ಮೊರ ಕೆಳಗಿಟ್ಟರು. "ಆ ಶಕ್ತಿ ನನಗಿಲ್ಲವ್ವಾ. ಯಾವತ್ತೂ ಇರಲಿಲ್ಲ" ಎಂದರು. ಆಮೇಲೆ ಎಲ್ಲರೆದುರು ಬಾಗಿ, ಧೂಳು ಮೆತ್ತಿದ ಆಕೆಯ ಪಾದ ಮುಟ್ಟಿ, "ನನ್ನ ಹೆಸರಿಂದ ನಿನಗ ಮೋಸ ಆತು. ಹೊಟ್ಟ್ಯಾಗ ಹಾಕ್ಕೊ" ಎಂದು ಬೇಡಿಕೊಂಡರು.

ಸಾವಂತ್ರೆವ್ವ ಅಳಲಿಲ್ಲ. ಮಗಳನ್ನು ತಬ್ಬಿಕೊಂಡು ಅಲ್ಲೇ ಕುಳಿತುಬಿಟ್ಟಳು. ಕಂಬದ ಬದಿಯಲ್ಲಿದ್ದ ದುಂಡಪ್ಪನ ಮುಖ ಕಪ್ಪಿಟ್ಟಿತು. "ನಿಮ್ಮ ಹೆಸರು ದೊಡ್ಡದಾಗಲಿ ಅಂತ ಅಂದೆರೀ ಅಮ್ಮಾರ" ಎಂದು ತೊದಲಿದ.

"ಈಕಿ ಕಾಲಾಗಿನ ಗುಳ್ಳಿ ನೋಡು" ಎಂದರು ತಾಯಿಯವರು. "ಅವು ಮಾಯೋತನಕ ಇಬ್ಬರೂ ಇಲ್ಲೇ ಇರ್ತಾರ. ಅಲ್ಲೀತನಕ ನೀ ಮಾತಾಡಬ್ಯಾಡ. ಆ ಕೂಸು ಹೆಂಗ ಇರತೈತಿ, ಅದರ ಕೂಡ ಹಂಗ ಇರು."

ಮೊದಲೆರಡು ದಿನ ದುಂಡಪ್ಪನ ಪಾಡು ಹೇಳತೀರದು. ಮಾತು ಗಂಟಲಿಗೆ ಬಂದು ಕೆಮ್ಮಾಗುತ್ತಿತ್ತು. ನಾಲ್ಕನೆಯ ದಿನದಿಂದ ಅವನ ಬಾಯಿಯ ಕೆಲಸವನ್ನು ಕಣ್ಣು ವಹಿಸಿಕೊಂಡಿತು. ಕಸ್ತೂರಿಯ ಜೊತೆ ಕರುವಿಗೆ ಮೇವು ಹಾಕಿದ, ಜೋಳದೊಳಗಿನ ಕಲ್ಲು ಆರಿಸಿದ, ಅವಳು ನಕ್ಕರೆ ನಕ್ಕ. ಅವಳಿಗೊಂದು ಅಭ್ಯಾಸವಿತ್ತು. ಆಗಾಗ ಎಡ ಮುಂಗೈಯನ್ನು ಎರಡು ಬೆರಳಿನಿಂದ ಉಜ್ಜಿಕೊಳ್ಳುವಳು. ಸಾವಂತ್ರೆವ್ವ ಕಂಡಾಗಲೆಲ್ಲ ಆ ಕೈಗೆ ಒಂದೇಟು ಹಾಕಿ, "ತುರಿಸ್ಕೋಬ್ಯಾಡ, ಹುಣ್ಣಾಗತೈತಿ" ಎಂದು ಬೇವಿನೆಣ್ಣೆ ಸವರುವಳು.

ಹನ್ನೊಂದನೆಯ ದಿನ ಕಾಲಿನ ಗುಳ್ಳೆ ಮಾಯಿತು. ಸಾವಂತ್ರೆವ್ವ ಗಂಟು ಕಟ್ಟಿ ಹೊರಟು ನಿಂತಾಗ ದುಂಡಪ್ಪ ಅಡ್ಡ ಬಂದ. ತಾಯಿಯವರತ್ತ ನೋಡಿದ. "ಹೇಳಪ್ಪಾ" ಎಂದರು.

ಅವನು ಸಾವಂತ್ರೆವ್ವನ ಎಡಗೈ ತೋರಿಸಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಅಲ್ಲಿ ಹಸಿರು ಹಚ್ಚೆಯಿತ್ತು.

"ಯಕ್ಕಾ, ಅದು ತುರಿಕಿ ಅಲ್ಲ. ನೀ ನೀರಿಗೆ ಹೋದ್ರ ಹಂಗ ಮಾಡತಾಳ. ತಿರುಗಿ ಬಂದ್ರ ಮಾಡತಾಳ. ರೊಟ್ಟಿ ಕಾವು ತಾಗಿದ್ರೂ ಅದನ್ನ ಮಾಡತಾಳ. ನಿನ್ನ ಹಚ್ಚಿ ಗುರುತು ಮಾಡಿ ಅಕಿ ನಿನ್ನ ಕರಿಯಾಕತ್ತಾಳ." ಆಮೇಲೆ ಸೇರಿಸಿದ, "ಎಷ್ಟು ಸಲ ಅಂತ ಹೇಳಂಗಿಲ್ಲ. ಕಂಡದ್ದಷ್ಟ ಹೇಳೀನಿ."

ಸಾವಂತ್ರೆವ್ವ ತನ್ನ ಕೈಯ ಹಚ್ಚೆಯನ್ನು ನೋಡಿದಳು, ಮಗಳನ್ನು ನೋಡಿದಳು. ಅವ್ವನ ಮುಖದಲ್ಲಿ ಏನೋ ಆಯಿತೆಂದು ಹೆದರಿದ ಕಸ್ತೂರಿ ಎರಡು ಬೆರಳಿನಿಂದ ತನ್ನ ಮುಂಗೈ ಉಜ್ಜಿಕೊಂಡಳು. "ಇಷ್ಟು ವರ್ಷ ಆ ಕೈಗೆ ಹೊಡದೀನಲ್ಲೋ ಯಪ್ಪಾ" ಎಂದು ಹೆತ್ತವಳು ಆಗ ಅತ್ತಳು. ಮಗಳ ಅಂಗೈಯನ್ನು ತನ್ನ ಹಚ್ಚೆಯ ಮೇಲೆ ಒತ್ತಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಆಕೆ ಕಾಲಿಗೆ ಬೀಳಲು ಬಂದರೆ ತಾಯಿಯವರು ತಡೆದರು. "ನಾ ಏನೂ ಮಾಡಿಲ್ಲವ್ವಾ. ಅವ ಸುಮ್ಮನಿದ್ದ, ಅಷ್ಟ."

ಸುದ್ದಿಗೆ ಕಾಲು ಬೇಕೇ? ದುಂಡಪ್ಪ ಮರುವಾರ ಜೋಳಿಗೆ ಹೊತ್ತು ಹೋದಲ್ಲೆಲ್ಲ ಜನ ಮುತ್ತಿಕೊಂಡು, ಅಮ್ಮನವರು ಮೂಕಿಗೆ ಮಾತು ಬರಿಸಿದರಂತಲ್ಲ ಎಂದು ಕೇಳಿದರು.

"ಇಲ್ರೀ. ಆ ಕೂಸು ಮೊದಲಿಂದ ಮಾತಾಡತಿತ್ತು. ನಮಗ ತಿಳೀಲಿಲ್ಲ" ಎಂದ. ಮುಂದಿನ ಮನೆಗೆ ನಡೆದ.

ಪವಾಡದ ಕಥೆಯಿಲ್ಲದೆ ಆ ದಿನ ಜೋಳಿಗೆ ಅರ್ಧವೂ ತುಂಬಲಿಲ್ಲ. ತಾಯಿಯವರು ಅದನ್ನು ಎರಡೂ ಕೈಗಳಿಂದ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು.