ಹಾಡಿನ ಕೊನೆಯ ಹೆಸರು

ಗ್ರಾಮಫೋನಿನ ಆ ಕಾಲದಲ್ಲಿ ಹಾಡುವವರು ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನೂ ಪ್ಲೇಟಿಗೆ ಕೂಗಿ ಹೇಳುತ್ತಿದ್ದರು. ನಾಡಿಗೆಲ್ಲ ಪ್ಲೇಟು ಮಾರುತ್ತಿದ್ದ ಕಂಪನಿಯೊಂದು ಚಂಪಾಬಾಯಿ ಎಂಬ ಹಾಡುಗಾರ್ತಿಯ ಹಳೆಯ ಹಾಡನ್ನು ಹೊಸ ಪ್ಲೇಟಿಗೆ ಇಳಿಸಲು ಹೊರಟಿತು. ಆಗ ಪ್ಲೇಟಿನ ನಡುವೆ ಅಂಟುವ ಕಾಗದದ ಚೀಟಿ, ಹಾಡು ಕೊರೆಯುವ ಮುಳ್ಳಿಗೆ ಹೇಳಿತು: “ಮುಳ್ಳಣ್ಣಾ, ಹಾಡು ಮುಗಿದಲ್ಲಿಗೆ ನಿಂತುಬಿಡು. ಹೆಸರು ಹೇಳಲು ನಾನಿಲ್ಲವೇ?”

“ಅವಳೇ ಬಾಯಿಬಿಟ್ಟು ಹೇಳಿದ್ದಾಳಲ್ಲ, ತಂಗಿ.”

“ಚೆನ್ನಾಯಿತು! ಮದುವೆಮನೆಯಲ್ಲಿ ಉಂಡವರೆಲ್ಲ ತಮ್ಮ ಹೆಸರು ಕೂಗಿ ಎದ್ದು ಹೋಗುತ್ತಾರೆಯೇ?”

ಮುಳ್ಳಿಗೆ ನಗು ಬಂತು. ನಗುತ್ತಲೇ ಹೆಸರನ್ನು ಬಿಟ್ಟು ಕೊರೆಯಿತು. ಹಳೆಯ ಪ್ಲೇಟುಗಳನ್ನು ಕಂಪನಿ ಕರಗಿಸಿತು.

ಮುಂದೆ ಕಂಪನಿ ಕೈ ಬದಲಾಯಿತು. ಹೊಸ ಯಜಮಾನರ ಹೆಸರು ಉದ್ದವಾಗಿತ್ತು. ಅದಕ್ಕೆ ಜಾಗ ಮಾಡಲು ಚೀಟಿಯ ಮೇಲಿದ್ದ ‘ಹಾಡಿದವರು: ಚಂಪಾಬಾಯಿ’ ಎಂಬ ಸಾಲನ್ನು ಅಳಿಸಿ, ಮೂಲೆಯಲ್ಲಿ ‘ಹೆಣ್ಣು ದನಿ’ ಎಂದಷ್ಟೇ ಅಚ್ಚು ಹಾಕಿದರು.

ವರ್ಷಗಳ ಮೇಲೆ ಒಬ್ಬ ಹೆಂಗಸು ಕಂಪನಿಗೆ ಬಂದಳು. “ನಾ ಕೂಸಿದ್ದಾಗಲೇ ನಮ್ಮವ್ವ ಚಂಪಾಬಾಯಿ ತೀರಿಹೋದಳ್ರೀ. ಆಕಿ ದನಿ ಹ್ಯಾಂಗಿತ್ತು ಅನ್ನೂದೂ ನಂಗ ಗೊತ್ತಿಲ್ಲ. ಒಮ್ಮೆ ಕೇಳಸ್ರೀ.”

ಗುಮಾಸ್ತರು ಇದ್ದಬದ್ದ ಪ್ಲೇಟುಗಳನ್ನೆಲ್ಲ ಹಾಕಿದರು. ಆ ಪ್ಲೇಟೂ ಹಾಡಿತು. ಹಾಡು ಮುಗಿದ ಮೇಲೆ ಬರೀ ಕರಕರ ಸದ್ದು.

“ಇದು ಯಾರ್ರೀ?”

ಗುಮಾಸ್ತರು ಕನ್ನಡಕ ಏರಿಸಿ ಚೀಟಿ ಓದಿದರು. “ಹೆಣ್ಣು ದನಿ ಅಂತಷ್ಟೇ ಇದೆಯಮ್ಮ.”

“ಯಾರೋ ಪುಣ್ಯಾತ್ಮಳು, ಚಲೋ ಹಾಡ್ಯಾಳ,” ಎಂದು ಅವಳು ಚಪ್ಪಲಿ ಮೆಟ್ಟಿ ಹೊರಟಳು.

ಕೂಗಿ ಕರೆಯಬೇಕೆಂದು ಚೀಟಿ ತವಕಿಸಿತು. ಆದರೆ ಮನುಷ್ಯರ ಮುಂದೆ, ತನ್ನ ಮೇಲೆ ಅಚ್ಚಾಗಿದ್ದನ್ನು ಬಿಟ್ಟು ಬೇರೊಂದು ಮಾತು ಆಡಲು ಅದಕ್ಕೆ ಬರುತ್ತಿರಲಿಲ್ಲ.