ಯಾರೂ ಕುಡಿಯದ ಮೂರನೆಯ ಬಟ್ಟಲು

ಕೊಳಗಾಪುರ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ರಾಜನ ಹತ್ತಿರ ಹೊನ್ನರಸ ಅನ್ನುವ ರುಚಿಗಾರ. ಕುಡಿಯುವ ಪದಾರ್ಥ ಯಾವುದೇ ಇರಲಿ, ಅವನು ನಾಲಿಗೆಗಿಟ್ಟು ತೀರ್ಪು ಹೇಳಬೇಕು. ಒಳ್ಳೇದು ಅಂದರೆ ಮಾರಬಹುದು. ಕೆಟ್ಟದ್ದು ಅಂದರೆ ಪೀಪಾಯಿಗಳನ್ನು ಒಡೆದು ಒಲೆಗೆ ಹಾಕಬೇಕು.

ಅದೇ ಊರಿನ ಮಾಳಕ್ಕ ಮುಸುಕಿನ ಜೋಳದಿಂದ ಬರ್ಬನ್ ಅನ್ನುವ ಮದ್ಯ ಇಳಿಸುತ್ತಿದ್ದಳು. ಹಡಗಿನಲ್ಲಿ ಬಂದ ಪರದೇಶದವನೊಬ್ಬ ಅವಳಪ್ಪನಿಗೆ ಕಲಿಸಿಹೋದ ಕಸುಬು. ಪೀಪಾಯಿಯ ಒಳಮೈ ಸುಟ್ಟು ಕಪ್ಪು ಮಾಡಿ, ಅದರಲ್ಲಿ ತುಂಬಿಟ್ಟು ನಾಲ್ಕು ವರ್ಷ ಕಾಯಬೇಕು. ಊರಿನ ಎಲ್ಲ ಅಂಗಡಿಯಲ್ಲೂ ಅದು ಸಿಗುತ್ತಿತ್ತು. ಗಾಡಿ ಹೊಡೆಯುವವನೂ ಕೊಳ್ಳುತ್ತಿದ್ದ, ಪಟೇಲನೂ ಕೊಳ್ಳುತ್ತಿದ್ದ.

ಹೊನ್ನರಸ ಅದನ್ನು ಇನ್ನೂ ರುಚಿ ನೋಡಿಲ್ಲ ಅಂತ ಒಂದು ದಿನ ಅವಳಿಗೆ ಅರಮನೆಯಿಂದ ಕರೆ ಬಂತು. ರಾಜನ ಸಭೆಯಲ್ಲಿ ಬಟ್ಟಲು ಮುಂದಿಟ್ಟಳು.

"ಎಲ್ಲಿಯದು?" ಅಂದ ಹೊನ್ನರಸ.

"ನಮ್ಮ ಬೀದಿಯದೇ ಸ್ವಾಮಿ. ಎಲ್ಲ ಅಂಗಡಿಯಲ್ಲೂ ಸಿಗುತ್ತೆ."

ತುಟಿಗೆ ತಾಗಿಸಿದ. "ಥೂ! ಕರಕಲು ನಾತ. ಇವಳ ಪೀಪಾಯಿ ಒಡೆಸಿ."

ನಲವತ್ತು ಪೀಪಾಯಿ, ನಾಲ್ಕು ವರ್ಷದ ಕಾಯುವಿಕೆ. ಮಾಳಕ್ಕ ಕೈಮುಗಿದು, "ಮಹಾಸ್ವಾಮಿ, ಇನ್ನೆರಡು ಬಟ್ಟಲು ತರ್ತೀನಿ. ಆಮೇಲೆ ಒಡೆಸಿ" ಅಂದಳು. ರಾಜ ಒಪ್ಪಿದ.

ಎರಡನೇ ಬಟ್ಟಲು ಬಂತು.

"ಎಲ್ಲಿಯದು?"

"ಸಮುದ್ರದ ಆಚೆಯವರು ಹೇಳಿಕೊಟ್ಟ ಪಾಕ. ದೊರೆಗಳಿಗೆ ಅಂತ ತಂದೆ."

ಅದೂ ಅದೇ ಪೀಪಾಯಿಯದು. ಹೊನ್ನರಸ ಕಣ್ಣು ಅರಳಿಸಿದ. "ಆಹಾ! ಇದು ನೋಡಿ, ದೊಡ್ಡ ಮನೆತನದ ರುಚಿ."

ಮೂರನೇ ಬಟ್ಟಲು ಬಂತು.

"ಇದೆಲ್ಲಿಯದು?"

"ಇದು ಯಾವ ಅಂಗಡಿಯಲ್ಲೂ ಸಿಗಲ್ಲ ಸ್ವಾಮಿ. ಇವತ್ತಿನ ತನಕ ಒಬ್ಬರೂ ಕುಡಿದಿಲ್ಲ."

ಹೊನ್ನರಸ ಗಟಗಟ ಕುಡಿದ. "ಮಹಾಸ್ವಾಮಿ, ಗಂಟಲಲ್ಲಿ ಬೆಂಕಿ ಇಳೀತು! ತಲೆಗೇ ಏರ್ತಾ ಇದೆ!"

ರಾಜನಿಗೂ ಆಸೆಯಾಯಿತು. ಉಳಿದದ್ದನ್ನು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ. "ಏನಮ್ಮ ಇದು?"

"ನೀರು, ಬುದ್ಧಿ. ಹೊಸ ಪೀಪಾಯಿ ಸೋರಬಾರದು ಅಂತ ಮೂರು ದಿನ ನೀರು ತುಂಬಿ ನೆನೆಹಾಕ್ತೀವಿ. ಸುಟ್ಟ ಮರದ ಬಣ್ಣ ಬಿಟ್ಟಿದೆ. ನಮ್ಮ ಎಮ್ಮೆ ಕೂಡ ಮೂಸಿ ನೋಡಿ ಆಚೆ ಹೋಗುತ್ತೆ."

ಸಭೆಯೆಲ್ಲ ನಕ್ಕಿತು. "ಸ್ವಾಮಿ, ತಲೆಗೇರಿದ್ದು ಇಳೀತಾ?" ಅಂದ ಬಾಗಿಲ ಕಾವಲಿನವನು.

ರಾಜ ಮೊದಲ ಬಟ್ಟಲನ್ನು ತರಿಸಿಕೊಂಡ. ಕಣ್ಣು ಮುಚ್ಚಿ ನಿಧಾನವಾಗಿ ಕುಡಿದ. "ಸುಟ್ಟ ಬೆಲ್ಲದ ಹಾಗಿದೆ. ಕೊನೆಗೆ ಸ್ವಲ್ಪ ಒಗರು. ಅಮೃತವೇನಲ್ಲ. ಆದರೆ ಕೊಟ್ಟ ಕಾಸಿಗೆ ಮೋಸವಿಲ್ಲ" ಅಂದ.

ಪೀಪಾಯಿಗಳು ಉಳಿದವು. ಹೊನ್ನರಸನಿಗೆ ಹೊಸ ಕೆಲಸ ಸಿಕ್ಕಿತು: ಮಾಳಕ್ಕನ ಹೊಸ ಪೀಪಾಯಿಗಳಿಗೆ ಕೆರೆಯಿಂದ ನೀರು ಹೊರುವುದು.

ಕುಡಿಯುವುದು ಬಿಡುವುದು ಅವರವರಿಗೆ, ದೇವರಿಗೆ ಬಿಟ್ಟದ್ದು. ಆದರೆ ಮಕ್ಕಳೇ, ತೀರ್ಪು ಹೇಳುವ ಜಾಗದಲ್ಲಿ ಕೂತವನು ಮೊದಲು ರುಚಿ ನೋಡಬೇಕು, ಆಮೇಲೆ ಊರು ಕೇಳಬೇಕು. ಎಲ್ಲರಿಗೂ ಸಿಗುತ್ತದೆ ಅನ್ನುವ ಕಾರಣಕ್ಕೆ ಯಾವುದೂ ಕೀಳಾಗುವುದಿಲ್ಲ. ಮಾಳಕ್ಕ ಅವತ್ತು ಮನೆಗೆ ಹೋಗಿ ದೀಪ ಹಚ್ಚಿದಳು. ನಾವೂ ಇಲ್ಲಿಗೆ ಏಳೋಣ.