ಅಳಬಾರದ ರಾಜಕುಮಾರ

“ಯಣ್ಣಾ, ಕೋಟೆಗೆ ಹೋಗೋ ದಾರಿ ಇದೇನಾ?”

ಬಾಳವ್ವ ಎರಡು ಕವಲು ತಪ್ಪಿ, ಮುಳ್ಳುಕಂಟಿಯಲ್ಲಿ ಸೆರಗು ಹರಿದುಕೊಂಡು ಬಂದಿದ್ದಳು. ಡಂಗುರದವನು ದಾರಿಬದಿಯಲ್ಲಿ ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ.

“ಹೋಗೋ ದಾರಿ ಇದೇ, ತಂಗಿ. ಬರೋ ದಾರಿ ಮಾತ್ರ ಯಾರೂ ಹೇಳಿಲ್ಲ,” ಎಂದವನೇ ಎದ್ದು ಹಲಗೆ ಬಾರಿಸಿದ. “ಕೇಳ್ರಪ್ಪೋ ಕೇಳ್ರಿ! ಯುವರಾಜರು ಅನ್ನ ಬಿಟ್ಟಿದ್ದಾರೆ, ಮೈ ಸುಡುತ್ತಿದೆ. ಸತ್ತ ಸೂಲಗಿತ್ತಿ ಮೂರು ಒಗಟು ಬಿಟ್ಟುಹೋಗಿದ್ದಾಳೆ, ಒಡೆದರೆ ಕೂಸು ಉಳಿಯುತ್ತದಂತೆ! ಒಡೆದವರು ಕೇಳಿದ್ದು ಕೊಡಲಾಗುವುದು. ತಪ್ಪಿದವರನ್ನು ಹೊತ್ತು ಮುಳುಗುವಾಗ ಕೋಟೆಯ ಮೇಲಿಂದ ತಳ್ಳಲಾಗುವುದಪ್ಪೋ!”

“ಲಗಮಣ್ಣ ಅಂತ ಒಬ್ಬ ಕುರಿಗಾರ ಬಂದಿದ್ದನಲ್ಲ?”

“ಬಂದಿದ್ದ. ಮೊದಲನೇ ಒಗಟಿಗೇ ‘ಕುರಿ’ ಅಂದ. ಇವತ್ತು ಅವನ ಪಾಳಿ. ನಿನಗೇನಾಗಬೇಕು?”

“ಒಡಹುಟ್ಟಿದ ಅಣ್ಣ,” ಎಂದಳು ಬಾಳವ್ವ. ಹೊತ್ತು ಆಗಲೇ ಪಡುವಣಕ್ಕೆ ವಾಲಿತ್ತು. ಅವಳು ಓಡಿದಳು.

ಆ ಅರಮನೆಯಲ್ಲಿ ಒಂದು ಕಟ್ಟಳೆ. ಪಟ್ಟಕ್ಕೆ ಬರುವ ಕೂಸಿನ ಅಳು ಗೋಡೆಯಾಚೆ ಕೇಳಿಸಿದರೆ ನಾಡಿಗೆ ಕೇಡು. ಅವನ ಮೈಯಲ್ಲಿ ಊನವಿದೆ ಎಂದು ಬಾಯಿಬಿಟ್ಟವರಿಗೆ ಸಾವು. ಅವನೆದುರು ತಲೆ ಎತ್ತುವಂತಿಲ್ಲ. ಅರಮನೆಗಳ ಕಟ್ಟಳೆಗಳು ಎಲ್ಲಿ ಹೋದರೂ ಹೀಗೇ. ಮರ್ಯಾದೆ ದೊಡ್ಡವರದು, ನೋವು ಚಿಕ್ಕವರದು.

ಬಾಳವ್ವ ಏದುಸಿರು ಬಿಡುತ್ತ ಒಳಗೆ ಬಂದಾಗ ಅರಸ ಮೊದಲ ಒಗಟು ಹೇಳುತ್ತಿದ್ದ. ದನಿ ಸೋತಿತ್ತು.

“ಕೆಂಪು ಕೋಟೆಗೆ ಬಿಳಿಯ ಕಾವಲುಗಾರರು. ಇವರು ಇರಲು ಬಂದವರಲ್ಲ, ಮುಂದೆ ಬರುವವರಿಗೆ ಜಾಗ ಹಿಡಿಯಲು ಬಂದವರು. ಹೇಗೂ ಹೋಗುವವರು ತಾನೇ ಎಂದು ಕಡೆಗಣಿಸಿದರೆ, ಬರುವವರು ದಾರಿ ತಪ್ಪುತ್ತಾರೆ. ಯಾರಿವರು?”

ದಳವಾಯಿ ಮೀಸೆ ತೀಡಿ, “ಗಡಿಯ ಪಡೆ, ಪ್ರಭು!” ಎಂದ. ಒಗಟಿಗೆ ಅದು ಕೂಡಲಿಲ್ಲ, ಅವನನ್ನು ಎಳೆದೊಯ್ದರು. ಆರು ಭಾಷೆ ಬಲ್ಲ ಪಂಡಿತರೊಬ್ಬರು, “ಬೆಳಗಿನ ಚುಕ್ಕಿಗಳು,” ಎಂದರು. ಅವರನ್ನೂ ಎಳೆದೊಯ್ದರು. ಇಬ್ಬರ ಕಣ್ಣೂ ಕೊನೆಯವರೆಗೆ ನೆಲದ ಮೇಲೇ ಇದ್ದವು.

ಬಾಳವ್ವನಿಗೆ ಕಟ್ಟಳೆ ಗೊತ್ತಿರಲಿಲ್ಲ. ಅವಳು ರಾಣಿಯ ಮಡಿಲಲ್ಲಿದ್ದ ಕೂಸನ್ನೇ ದಿಟ್ಟಿಸಿದಳು. ಒಂದು ಕೆನ್ನೆ ಊದಿ ಕಣ್ಣು ಮುಚ್ಚಿತ್ತು. ಬಾಯಲ್ಲಿ ಒಂದು ಬಟ್ಟೆಯ ಗಂಟು. ಕೂಸು ನರಳಲು ಬಾಯಿ ತೆರೆಯಿತು. ದಾದಿ ಗಂಟನ್ನು ಕಿತ್ತು, ಜೇನಿನಲ್ಲಿ ಅದ್ದಿ, ಮತ್ತೆ ತುರುಕಿದಳು. ಅಷ್ಟರಲ್ಲೇ ಒಳಗಿನದು ಕಂಡಿತು. ಮುಂದಿನ ಹಲ್ಲುಗಳೆಲ್ಲ ಸುಟ್ಟ ಕಡ್ಡಿಯಂತೆ ಕಪ್ಪು ಮೋಟುಗಳು.

“ಹಾಲುಹಲ್ಲು,” ಎಂದಳು ಬಾಳವ್ವ.

ಒಗಟಿನ ಒಂದೊಂದು ಮಾತೂ ಕೂಡಿತು. ಅರಸ ತಡವರಿಸಿ ಎರಡನೆಯದನ್ನು ಹೇಳಿದ. “ಹಗಲು ಬಂದು ಹೋದರೆ ನೆಂಟ, ರಾತ್ರಿ ಉಳಿದರೆ ಕಳ್ಳ. ಮುದ್ದು ಮಾಡುವವರೇ ಬಾಗಿಲು ತೆಗೆದು ಒಳಗೆ ಬಿಡುತ್ತಾರೆ. ಯಾರವನು?”

“ರಾತ್ರಿಯೂ ಅದನ್ನೇ ಬಾಯಿಗಿಟ್ಟು ಮಲಗಿಸ್ತೀಯೇನಬೇ?” ಎಂದು ಬಾಳವ್ವ ದಾದಿಯನ್ನು ಕೇಳಿದಳು.

“ಅತ್ತರೆ ನನ್ನ ತಲೆ ಹೋಗುತ್ತದಲ್ಲವ್ವ,” ಎಂದಳು ದಾದಿ, ನೆಲ ನೋಡುತ್ತಲೇ.

“ಹಾಗಾದರೆ ಕಳ್ಳ ಸಿಕ್ಕ. ಸಿಹಿ.”

ಕಿಟಕಿಯಾಚೆ ಗೋಡೆಯ ಮೇಲೆ ನೆರಳುಗಳು ಉದ್ದವಾಗಿದ್ದವು. ಲಗಮಣ್ಣನನ್ನು ಅಂಚಿಗೆ ತಂದು ನಿಲ್ಲಿಸಿದ್ದರು. ಅವನ ಕಾಲು ನಿಲ್ಲದ್ದರಿಂದ ಇಬ್ಬರು ಹಿಡಿದುಕೊಂಡಿದ್ದರು.

“ಮೂರನೆಯದು,” ಎಂದ ಅರಸ. “ಬಟ್ಟೆ ಉಟ್ಟು ಗುಹೆ ಹೊಗುತ್ತದೆ, ಬೇಟೆಗಲ್ಲ. ಕಚ್ಚಿಸಿಕೊಂಡರೂ ತಿರುಗಿ ಹೊಡೆಯುವುದಿಲ್ಲ. ಅದು ಬಂದರೆ ಇಂದು ಅಳು, ಬರದಿದ್ದರೆ ನಾಳೆ ಗೋಳು. ಏನದು?”

ಬಾಳವ್ವನಿಗೆ ಹೊಳೆಯಲಿಲ್ಲ. ಹಾವೆಂದುಕೊಂಡಳು, ಕರಡಿಯೆಂದುಕೊಂಡಳು, ಮುನಿಯೆಂದುಕೊಂಡಳು. ಒಂದೂ ಕೂಡಲಿಲ್ಲ. ಗೋಡೆಯ ಮೇಲಿದ್ದವರು ಅಣ್ಣನ ಕಣ್ಣಿಗೆ ಬಟ್ಟೆ ಕಟ್ಟಿದರು. ಇತ್ತ ಕೂಸಿನ ತುಟಿಯಿಂದ ಜೇನು ಇಳಿಯುತ್ತಿತ್ತು, ಅದರ ಮೇಲೆ ನೊಣ ಕೂತಿತು. ಓಡಿಸಲು ಕೂಡ ಯಾರೂ ತಲೆ ಎತ್ತಲಿಲ್ಲ.

ಅಣ್ಣ ಹೇಗೂ ಉಳಿಯುವುದಿಲ್ಲ, ಈ ನೊಣವನ್ನಾದರೂ ಓಡಿಸೋಣ ಎನಿಸಿತು ಅವಳಿಗೆ. ದಡದಡನೆ ಹೋಗಿ ಗಂಟು ಕಿತ್ತೆಸೆದಳು. ಹರಿದ ಸೆರಗಿನ ತುದಿಯನ್ನು ತಂಬಿಗೆಯ ನೀರಿಗೆ ಅದ್ದಿ, ಬೆರಳಿಗೆ ಸುತ್ತಿ, ಕೂಸಿನ ಬಾಯಿಗೆ ಹಾಕಿ ಮೆಲ್ಲಗೆ ಒರೆಸಿದಳು. ಕೂಸು ಹಿಂದಿನ ಹಲ್ಲುಗಳಲ್ಲಿ ಬೆರಳನ್ನು ಕಚ್ಚಿ ಹಿಡಿಯಿತು. ಆಮೇಲೆ ಹುಟ್ಟಿದಾಗಿನಿಂದ ಕೂಡಿಟ್ಟಿದ್ದನ್ನೆಲ್ಲ ಸೇರಿಸಿ ಕಿಟಾರನೆ ಕಿರುಚಿತು. ಕಾವಲಿನವರ ಕತ್ತಿಗಳು ಹೊರಬಂದವು.

ಬಾಳವ್ವ ಕಚ್ಚಿಸಿಕೊಂಡ ಬೆರಳನ್ನೇ ನೋಡಿದಳು. ಬಟ್ಟೆ ಉಟ್ಟಿತ್ತು. ಗುಹೆ ಹೊಕ್ಕಿತ್ತು.

“ಇದು! ಇದೇ ನೋಡ್ರಿ! ಹಲ್ಲು ಒರೆಸೋ ಹೆತ್ತವ್ವನ ಬೆರಳು!” ಎಂದು ಕೂಗಿದಳು. “ಅವರನ್ನು ತಳ್ಳಬ್ಯಾಡ್ರೋ!”

ಅರಸ ಕೈ ಎತ್ತಿದ. ಗೋಡೆಯ ಮೇಲಿದ್ದವರು ನಿಂತರು. ಕೂಸಿನ ಅಳು ಗೋಡೆ ದಾಟಿ ಪೇಟೆಗೆ, ಪೇಟೆ ದಾಟಿ ಹೊಲಕ್ಕೆ ಕೇಳಿಸಿತು. ಆಕಾಶ ಬೀಳಲಿಲ್ಲ.

“ಸೂಲಗಿತ್ತಿ ಅಜ್ಜಿ ಇದನ್ನೇ ಹೇಳಲು ಬಂದಿದ್ದಳು,” ಎಂದಳು ರಾಣಿ. ಅವಳೂ ಆಗ ಅಳುತ್ತಿದ್ದಳು. “ಹಲ್ಲು ಹುಳುಕು ಅಂದರೆ ಅವಳ ತಲೆ ಹೋಗುತ್ತಿತ್ತು. ಅದಕ್ಕೇ ಒಗಟು ಕಟ್ಟಿದಳು. ನಾವು ಕೂಸನ್ನು ಬಿಟ್ಟು ಪಂಡಿತರ ಮುಖ ನೋಡಿದೆವು.”

ವೈದ್ಯರು ಬಂದು ಕೀವು ಬಸಿದರು, ಕೊಳೆತ ನಾಲ್ಕು ಹಲ್ಲು ಕಿತ್ತರು. ಜ್ವರ ಇಳಿಯಿತು, ಕೂಸು ಗಂಜಿ ಕುಡಿಯಿತು. ಹಲ್ಲು ಮೂಡಿದ ದಿನದಿಂದಲೇ ಬಾಯಿ ಒರೆಸಬೇಕು, ಮಲಗುವಾಗ ಬಾಯಲ್ಲಿ ಸಿಹಿ ಇರಬಾರದು, ನೀರು ಸಾಕು ಎಂದು ಡಂಗುರ ಹೊಡೆಸಿದರು. ಕಿತ್ತ ಜಾಗ ವರ್ಷಗಟ್ಟಲೆ ಬೋಳಾಗಿಯೇ ಇತ್ತು. ಕೊನೆಗೆ ಬಂದ ಹೊಸ ಹಲ್ಲುಗಳಲ್ಲಿ ಒಂದು ದಾರಿ ತಪ್ಪಿ ಅಡ್ಡವಾಗಿಯೇ ಬಂತು. ಆದರೆ ಅದೆಲ್ಲ ಮುಂದಿನ ಮಾತು. ಆ ಸಂಜೆ ಸಭೆಯಲ್ಲಿ ಕೂಸು ಇನ್ನೂ ಅಳುತ್ತಲೇ ಇತ್ತು.

“ಏನು ಬೇಕು, ಮಗಳೇ?” ಎಂದ ಅರಸ.

“ಗೋಡೆ ಮೇಲಿರೋ ಅಷ್ಟೂ ಜನ.”

ದಳವಾಯಿ, ಪಂಡಿತರು ನಡೆದುಕೊಂಡೇ ಇಳಿದರು. ಲಗಮಣ್ಣನಿಗೆ ಕಾಲು ಬರಲಿಲ್ಲ. ಬಾಳವ್ವ ಬಗ್ಗಿ ಅವನನ್ನು ಬೆನ್ನಿಗೆ ಹಾಕಿಕೊಂಡಳು.

“ಇಳಿಸಬೇ, ಮಂದಿ ನಗ್ತಾರ,” ಎಂದ ಅವನು.

“ನಗಲಿ. ಅವ್ವ ಸತ್ತ ವರ್ಷ ಕುರಿ ಹಿಂದೆ ಊರೂರಿಗೆ ನನ್ನ ಹೊತ್ತಿದ್ದಿಲ್ಲೇನು? ಸುಮ್ಮನೆ ಕೊರಳು ಹಿಡಕೋ.”

ಅವನು ಹಿಡಿದುಕೊಂಡ. ಅವಳು ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.